ಡಿ ಡ್ರೈವಿನ ಮುನ್ನೂರ ಎಂಬತ್ತು ಜಿಬಿ

ಕಿತ್ತೂರಿನ ಮದುವೆಯ ನಾಲ್ಕು ಮೆಮೊರಿ ಕಾರ್ಡುಗಳು ಅಣ್ಣನ ಕ್ಯಾಮೆರಾ ಚೀಲದ ಒಳಜೇಬಿನಲ್ಲಿ ಹಾಗೆಯೇ ಇದ್ದವು. ಆ ಮದುವೆ ಮುಗಿಸಿ ಸವದತ್ತಿಗೆ ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಹದಿನಾಲ್ಕನೆಯ ದಿನ ನಾನು ಸ್ಟುಡಿಯೊದ ಬಾಗಿಲು ತೆಗೆದು ಕಸ ಗುಡಿಸಿದೆ. ಅದರ ಮರುದಿನ ಕಿತ್ತೂರಿನಿಂದ ವಧುವಿನ ತಂದೆ ಫೋನ್ ಮಾಡಿದರು.

"ಇಂಥಾದ್ರಾಗ ಕೇಳಬಾರದ್ರಿ. ಆದ್ರ ಮಗಳು ದಿನಾ ಕೇಳತಾಳ. ಕಾರ್ಡು ಚಲೋ ಅದಾವಲ್ರಿ?"

"ಚಲೋ ಅವರಿ. ಹದಿನೈದು ದಿನ ಕೊಡ್ರಿ," ಎಂದೆ.

ನಮ್ಮ ತಂದೆ ಪುರೋಹಿತರು, ಮದುವೆ ಮಾಡಿಸುತ್ತಿದ್ದರು. ಅಣ್ಣ ಮದುವೆಯ ವೀಡಿಯೊ ಮಾಡುತ್ತಿದ್ದ. ಅವನು ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಹಾಡು ಹಾಕುವುದು ನನ್ನ ಕೆಲಸ. ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವುದು, ಹಳೆಯದನ್ನು ಅಳಿಸುವುದು ಮಾತ್ರ ಅವನದೇ. ಅದಕ್ಕೆ ಅವನದೊಂದು ನಿಯಮವಿತ್ತು: ಕಾರ್ಡ್ ಅಂದರೆ ಪೂರ್ತಿ ಕಾರ್ಡ್. ಇಳಿಸಿದರೆ ಎಲ್ಲ ತುಣುಕುಗಳನ್ನೂ ಇಳಿಸಬೇಕು, ಅಳಿಸಿದರೆ ಎಲ್ಲವನ್ನೂ ಅಳಿಸಬೇಕು. ಕೆಟ್ಟ ತುಣುಕು, ಅಲುಗಾಡಿದ ತುಣುಕು ಎಂದು ನಡುವಿನಿಂದ ಒಂದನ್ನೂ ತೆಗೆಯಬಾರದು. "ಯಾವ ತುಣುಕು ಯಾರಿಗೆ ಬೇಕಾಗ್ತದ ನಮಗೇನು ಗೊತ್ತು? ನಾವು ದೇವರಲ್ಲ," ಎನ್ನುತ್ತಿದ್ದ. ಒಮ್ಮೆ ನಾನು, ಒಬ್ಬ ಅಜ್ಜಿ ಕುರ್ಚಿಯಲ್ಲಿ ತೂಕಡಿಸುವ ಹನ್ನೆರಡು ಸೆಕೆಂಡಿನ ತುಣುಕೊಂದನ್ನು ಅಳಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ನಾಲ್ಕು ಕಾರ್ಡುಗಳಲ್ಲಿ ಇದ್ದದ್ದು ಒಟ್ಟು 235 ಜಿಬಿ. ಅವನ್ನು ಇಳಿಸಲು ಕುಳಿತಾಗ ಡಿ ಡ್ರೈವಿನ ಪಟ್ಟಿ ಕೆಂಪಾಗಿತ್ತು. ಖಾಲಿ ಇದ್ದದ್ದು 41 ಜಿಬಿ.

ಆ ಡಿಸ್ಕಿನ ಡಬ್ಬಿಯ ಮೇಲೆ ಎರಡು ಟಿಬಿ ಎಂದು ಬರೆದಿದೆ. ಕಂಪ್ಯೂಟರು ತೋರಿಸುವುದು 1863 ಜಿಬಿ. ಅದು ಕಳವಲ್ಲ, ಕಂಪನಿಯವರು ಎಣಿಸುವ ರೀತಿ ಬೇರೆ, ಕಂಪ್ಯೂಟರು ಎಣಿಸುವ ರೀತಿ ಬೇರೆ ಎಂದು ನಾನು ಕಲಿಯಲು ಬಂದ ಮೊದಲ ವಾರವೇ ಅಣ್ಣ ಹೇಳಿಕೊಟ್ಟಿದ್ದ. ಆದರೆ ಈಗ ಕಂಡದ್ದು ಅಂಥದ್ದಲ್ಲ. ಡ್ರೈವನ್ನು ತೆರೆದು, ಒಳಗಿನ ಎಲ್ಲ ಫೋಲ್ಡರುಗಳನ್ನೂ ಒಟ್ಟಿಗೆ ಆರಿಸಿ, ಗಾತ್ರ ನೋಡಿದೆ. 1325 ಎಂದಿತು. ತುಂಬಿದೆ ಎಂದು ಅದೇ ಡಿಸ್ಕು ಹೇಳುತ್ತಿದ್ದದ್ದು 1822. ಎರಡು ಸಲ ನೋಡಿದೆ. ಕಾಗದದ ಮೇಲೆ ಬರೆದು ಕಳೆದೆ. 497 ಜಿಬಿ ಎಲ್ಲಿದೆ ಎಂದು ಆ ಯಂತ್ರ ನನಗೆ ಹೇಳುತ್ತಿರಲಿಲ್ಲ.

ಗೊತ್ತಿದ್ದದ್ದನ್ನು ಮೊದಲು ಮಾಡಿದೆ. ಅಳಿಸಿದ ಕಡತಗಳು ಹೋಗಿ ಕೂರುವ ಕಸದ ಬುಟ್ಟಿ ನನ್ನದೇ ತುಂಬಿತ್ತು, 23 ಜಿಬಿ. ಖಾಲಿ ಮಾಡಿದೆ, ಕಾಣದ ಲೆಕ್ಕ 474ಕ್ಕೆ ಇಳಿಯಿತು. ಎಡಿಟಿಂಗ್ ಮಾಡುವಾಗ ಸಾಫ್ಟ್‌ವೇರು ತನ್ನ ಅನುಕೂಲಕ್ಕೆ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಪ್ರತಿಗಳಿದ್ದವು, 52 ಜಿಬಿ. ಅವನ್ನೂ ತೆಗೆದೆ. ಅವು ಮೊದಲೇ ಕಣ್ಣಿಗೆ ಕಾಣುತ್ತಿದ್ದುದರಿಂದ ಜಾಗವೇನೋ ಸಿಕ್ಕಿತು, ಕಾಣದ ಭಾಗ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ. ಅಡಗಿಸಿದ ಕಡತಗಳನ್ನು ತೋರಿಸು ಎಂಬ ಗುರುತನ್ನು ಹಾಕಿದೆ. ಒಂದೆರಡು ಮಸುಕು ಫೋಲ್ಡರುಗಳು ಬಂದವು, ಒಳಗೆ ಏನೂ ಇರಲಿಲ್ಲ. ಅದಕ್ಕಿಂತ ಮುಂದೆ ಹೋಗಲು ಕಂಪ್ಯೂಟರು ಮುಖ್ಯ ಲಾಗಿನ್ನಿನ ಪಾಸ್‌ವರ್ಡ್ ಕೇಳಿತು. ಅದು ಅಣ್ಣನದು. ಒಂಬತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತಿದ್ದರೂ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕು ಅನಿಸಿರಲಿಲ್ಲ.

ಬೈಲಹೊಂಗಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದಾನೆ. ಅಣ್ಣನ ಎಲ್ಲ ಯಂತ್ರಗಳನ್ನೂ ಅವನೇ ನೋಡುತ್ತಿದ್ದ. ಫೋನ್ ಮಾಡಿದೆ.

"ಅಕ್ಕಾರ, ಡಿಸ್ಕಿಗೆ ವಯಸ್ಸಾಗಿರಬೇಕು. ಫಾರ್ಮ್ಯಾಟ್ ಹೊಡದ ಬಿಡೂನು, ಹೊಸಾ ಹೆಣ್ಣಿನಂಗ ಆಗತೈತಿ."

"ಒಳಗಿನದು?"

"ಒಳಗಿನದು ಗಂಗಾರ್ಪಣ."

ಬೇಡ ಎಂದೆ. ಮರುದಿನ ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಅಣ್ಣನ ಇಪ್ಪತ್ತು ವರ್ಷದ ದುಡಿಮೆ ಅದರಲ್ಲಿದೆ ಎಂದು ನಾನು ನಂಬಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು, "ರೊಟ್ಟಿ ಬಿಸಿ ಅದಾವೇನ್ರಿ, ಹಂಗ ಹಿಡಕೊಂಡೀರಿ?" ಎಂದು ಕೇಳಿದಳು.

ರಿಪೇರಿಯವನು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಚ್ಚಿ, ಅದರ ಆರೋಗ್ಯ ತಪಾಸಣೆ ಶುರು ಮಾಡಿದ. ಅದು ಒಂದೊಂದೇ ಅಂಗುಲ ಓದುತ್ತ ಹೋಗುವ ಕೆಲಸ. ಹನ್ನೊಂದು ಗಂಟೆಗೆ ಆರಂಭವಾದದ್ದು ಒಂದೂವರೆಗೆ ಅರವತ್ತು ಪ್ರತಿಶತಕ್ಕೆ ಬಂದಾಗ ಕರೆಂಟು ಹೋಯಿತು. ಅವನ ಬ್ಯಾಟರಿ ಹತ್ತು ನಿಮಿಷ ಎಳೆದು ನಿಂತಿತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ. ಸಂಜೆ ಆರೂವರೆಗೆ ಫಲಿತಾಂಶ ಬಂತು: ಡಿಸ್ಕಿನಲ್ಲಿ ಯಾವ ದೋಷವೂ ಇಲ್ಲ.

ಅವನು ತಲೆ ಕೆರೆದುಕೊಂಡ. "ಡಿಸ್ಕ್ ಸುಳ್ಳ ಹೇಳವಲ್ದು ಅಕ್ಕಾರ. ಐನೂರರ ಸನೇಕ ಏನೋ ಒಂದು ಕುಂತೈತಿ. ನಮಗ ಕಾಣವಲ್ದು ಅಷ್ಟ." ನಂತರ ನಕ್ಕು ಹೇಳಿದ, "ನಮ್ಮ ಅಜ್ಜನ ಮನ್ಯಾಗ ಜ್ವಾಳದ ಹಗೇವು ಇತ್ರಿ. ನೆಲದಾಗ ತಗ್ಗು ತೋಡಿ, ಜ್ವಾಳ ತುಂಬಿ, ಬಾಯಿಗೆ ಹಾಸಗಲ್ಲು ಮುಚ್ಚಿ, ಮ್ಯಾಲೆ ಸಾರಿಸಿ ಬಿಡವ್ರು. ಅದರ ಮ್ಯಾಲ ನಾವು ಗೋಲಿ ಆಡತಿದ್ವಿ. ಕೆಳಗ ಹತ್ತು ಚೀಲ ಐತಿ ಅಂತ ನಮಗೇನು ಗೊತ್ತು?"

ಮೊದಲು ಸಿಕ್ಕದ್ದು ಕಂಪ್ಯೂಟರು ತಾನಾಗಿ ಇಟ್ಟುಕೊಂಡ ಹಳೆಯ ಸ್ಥಿತಿಯ ನಕಲುಗಳು. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ಅವು ಬೇಕಾಗುತ್ತವಂತೆ. 94 ಜಿಬಿ. ಅವನ್ನು ತೆಗೆದ. ನನ್ನ ಕಾಗದದ ಮೇಲೆ ಉಳಿದದ್ದು 380.

ಆಮೇಲೆ ಅವನು ಇನ್ನೊಂದು ಸಣ್ಣ ಸಾಫ್ಟ್‌ವೇರು ಓಡಿಸಿದ. ಡಿಸ್ಕಿನಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಅದು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಹೊಲಗಳ ನಕ್ಷೆಯಂತೆ ಒಂದೊಂದಾಗಿ ಚೌಕಗಳು ಮೂಡಿದವು. ನಮ್ಮ ಮದುವೆಗಳು, ಬಸುರಿಯರ ಕುಬಸಗಳು, ಶಾಲೆಯ ಗ್ಯಾದರಿಂಗುಗಳು, ಎಲ್ಲ ನನಗೆ ಗುರುತಿದ್ದವು. ಬಲಗಡೆ ಒಂದು ದೊಡ್ಡ ಚೌಕ ಮಾತ್ರ ಗುರುತಿಲ್ಲದ್ದು. ಅದರ ಹೆಸರು ಕಂಪ್ಯೂಟರಿನದೇ ಯಾವುದೋ ಒಳಕೆಲಸದ ಫೋಲ್ಡರಿನಂತೆ, 'ರಿಕವರಿ' ಎಂದಿತ್ತು.

"ಇದು ಕಂಪ್ಯೂಟರ್ ಮಾಡಿದ್ದಲ್ರಿ," ಎಂದ ಅವನು. ನಗು ನಿಂತಿತ್ತು. "ಅದು ಇಷ್ಟು ದೊಡ್ಡದು ಇರೂದುಲ್ಲ. ಯಾರೋ ಕೈಲೇ ಮಾಡ್ಯಾರ. ಅಡಗಿಸಿದ ಕಡತಕ್ಕ ಎರಡು ಬಾಗಿಲ ಇರತಾವ ಅಕ್ಕಾರ. ಒಂದು ನೀವು ತಗದಿದ್ರಿ. ಎರಡನೇದ್ದು ಸಿಸ್ಟಮ್ ಕಡತಗಳದು. ಅದರ ಮ್ಯಾಲ ಕೈ ಇಟ್ರ ಕಂಪ್ಯೂಟರ್ ಬ್ಯಾಡಾ ಬ್ಯಾಡಾ ಅಂತ ಹೆದರಸತೈತಿ. ಅದಕ್ಕ ಯಾರೂ ತಗಿಯೂದುಲ್ಲ. ಇದನ್ನ ಅಲ್ಲಿ ಇಟ್ಟು, ಮ್ಯಾಲೆ ತಮ್ಮ ಲಾಗಿನ್ ಬಿಟ್ಟು ಬ್ಯಾರೆಯವರಿಗೆ ಪರವಾನಗಿ ಇಲ್ಲ ಅಂತ ಕೀಲಿ ಹಾಕ್ಯಾರ. ಹಂಗ ಮಾಡಿದ್ರ ಅದರ ಗಾತ್ರಾನೂ ನಿಮ್ಮ ಎಣಿಕಿಗೆ ಬರೂದುಲ್ಲ."

ಆ ಡಿಸ್ಕಿನ ಮೇಲೆ ಕೆಲಸ ಮಾಡುತ್ತಿದ್ದವರು ಇಬ್ಬರೇ. ಬೇರೆಯವರು ಅಂದರೆ ನಾನು.

ಅವನು ಎರಡನೆಯ ಗುರುತನ್ನು ತೆಗೆದ. ಎಚ್ಚರಿಕೆ ಬಂತು, ಒಪ್ಪಿದ. ಡಿಸ್ಕು ಈಗ ಅವನ ಕಂಪ್ಯೂಟರಿನಲ್ಲಿದ್ದುದರಿಂದ ಅಣ್ಣನ ಪಾಸ್‌ವರ್ಡ್ ಬೇಕಾಗಲಿಲ್ಲ. ಎಲ್ಲರಿಗೂ ಪರವಾನಗಿ ಕೊಟ್ಟು ಫೋಲ್ಡರನ್ನು ತೆರೆದ. ಒಳಗೆ ಏಳು ಫೋಲ್ಡರುಗಳು, ಒಂದೊಂದು ಕಾರ್ಡಿಗೆ ಒಂದೊಂದು. ಹೆಸರುಗಳು ಅಣ್ಣ ಯಾವಾಗಲೂ ಇಡುವ ಕ್ರಮದಲ್ಲೇ ಇದ್ದವು: ಮನೋಳಿ, ವಾಸ್ತುಶಾಂತಿ, ಕಾರ್ಡ್ ಒಂದು, ಮನೋಳಿ, ವಾಸ್ತುಶಾಂತಿ, ಕಾರ್ಡ್ ಎರಡು.

"ತಗದ ಬಿಡ್ಲೇನ್ರಿ? ಒಮ್ಮೆಲೆ ಮುನ್ನೂರ ಎಂಬತ್ತು ಜಿಬಿ ಹಗುರ ಆಗತೈತಿ."

"ಮುಟ್ಟಬ್ಯಾಡ್ರಿ," ಎಂದೆ. ನನ್ನ ದನಿ ದೊಡ್ಡದಾಗಿತ್ತೇನೋ. ಅವನು ಮೌಸಿನಿಂದ ಕೈ ತೆಗೆದ.

ಮನೋಳಿಯ ವಾಸ್ತುಶಾಂತಿ ಏನು ಎಂದು ಇಲ್ಲಿ ಹೇಳಬೇಕು. ಎರಡು ವರ್ಷದ ಹಿಂದೆ ಮಲಪ್ರಭೆಯ ದಂಡೆಯ ಆ ಊರಿನಲ್ಲಿ ಒಬ್ಬ ರೈತನ ಹಿರಿಯ ಮಗ ಹೊಸ ಮನೆ ಕಟ್ಟಿಸಿದ. ಅವನು ಅಣ್ಣನ ಶಾಲೆಯ ಗೆಳೆಯ. ಗೃಹಪ್ರವೇಶದ ದಿನ ಎರಡು ಕ್ಯಾಮೆರಾ ಹಚ್ಚಿ ಅಣ್ಣ ಇಡೀ ದಿನ ತೆಗೆದ. ನಾನು ಹೋಗಿರಲಿಲ್ಲ. ಮದುವೆಗಳ ಗಡಿಬಿಡಿಯಲ್ಲಿ ಅದರ ಎಡಿಟಿಂಗ್ ನನ್ನ ಕೈಗೆ ಬಂದಿರಲೇ ಇಲ್ಲ. ಮೂರು ತಿಂಗಳಿಗೆ ಆ ಮನೆಯ ಯಜಮಾನ, ಮುದುಕ, ತೀರಿಕೊಂಡ. ಅವನ ಒಬ್ಬಳೇ ಮಗಳನ್ನು ರಾಮದುರ್ಗದ ಕಡೆ, ತೊರಗಲ್ಲಿಗೆ ಕೊಟ್ಟಿದ್ದರು. ತಂದೆಯ ದಿನಗಳು ಮುಗಿದ ಮೇಲೆ ಆಕೆ ಸ್ಟುಡಿಯೊಕ್ಕೆ ಬಂದಳು. ಗೃಹಪ್ರವೇಶದ ದಿನ ಎಲ್ಲರೂ ಊಟಕ್ಕೆ ಕುಳಿತಾಗ ತನ್ನ ತಂದೆ ನನ್ನ ಅಣ್ಣನನ್ನು ಹಿತ್ತಲಿಗೆ ಕರೆದು, ಕ್ಯಾಮೆರಾದ ಮುಂದೆ ಕುಳಿತು, ಹೊಳೆಯ ಕಡೆಯ ಎರಡು ಎಕರೆ ಮಗಳಿಗೆ ಎಂದು ಹೇಳಿದ್ದಾರೆ, ತಾನು ಪಕ್ಕದಲ್ಲೇ ನಿಂತಿದ್ದೆ, ತನ್ನ ಅಣ್ಣಂದಿರು ಒಪ್ಪುತ್ತಿಲ್ಲ, ಅದನ್ನು ಒಮ್ಮೆ ತೋರಿಸಿ ಎಂದಳು.

ಅಣ್ಣ ತಲೆ ತಗ್ಗಿಸಿ, "ಆ ಡಿಸ್ಕ್ ಹೋತವ್ವಾ. ಇಡೀ ಫಂಕ್ಷನ್ನೇ ಹೋತು. ಫೋಟೋ ಅಷ್ಟ ಉಳದಾವ," ಎಂದ.

ಒಂದು ಡಿಸ್ಕು ಹೋಗಿದ್ದು ನನಗೆ ಗೊತ್ತಿತ್ತು, ಅವನೇ ಹೇಳಿದ್ದ. ನಾನು ನಂಬಿದೆ. ಇಡೀ ಸಮಾರಂಭದ ವೀಡಿಯೊ ಹಾಳಾಯಿತೆಂದರೂ ಆ ಹಿರಿಯ ಮಗ ಬಂದು ಒಂದು ಮಾತು ಬೈಯಲಿಲ್ಲ ಎಂಬುದು ಆಗಲೇ ನನಗೆ ವಿಚಿತ್ರ ಅನಿಸಬೇಕಿತ್ತು. ಅನಿಸಲಿಲ್ಲ.

ಹದಿನೈದು ದಿನ ಬಿಟ್ಟು ಆಕೆ ಮತ್ತೆ ಬಂದಳು. ಈ ಸಲ ಜೊತೆಗೆ ಅವಳ ಎರಡನೆಯ ಅಣ್ಣನೂ ಊರಿನ ಇಬ್ಬರು ಹಿರಿಯರೂ ಇದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಅಣ್ಣ ಒಳಗೆ, ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೋಣೆಯಲ್ಲಿ, ಕಪ್ಪು ಪರದೆಯ ಹಿಂದೆ ದೀಪ ಸರಿಪಡಿಸುತ್ತಿದ್ದ. ಆಕೆ ನನ್ನನ್ನೇ ಕೇಳಿದಳು. ನಾನು ಇಲ್ಲ, ಹೋಗಿದೆ ಎಂದೆ. ಹಿರಿಯರಲ್ಲೊಬ್ಬರು, "ತಂಗಿ, ಗುಡ್ಡದ ಭಂಡಾರ ಮುಟ್ಟಿ ಹೇಳತೀಯೇನವಾ?" ಎಂದರು. ನಮ್ಮ ಊರಿನಲ್ಲಿ ಎಲ್ಲಮ್ಮನ ಭಂಡಾರದ ಡಬ್ಬಿ ಇಲ್ಲದ ಅಂಗಡಿಯಿಲ್ಲ. ಕಂಪ್ಯೂಟರಿನ ಪಕ್ಕದಲ್ಲೇ ಇತ್ತು. ನಾನು ಮುಚ್ಚಳ ತೆಗೆದು, ಆ ಅರಿಶಿನದ ಪುಡಿಯಲ್ಲಿ ಬಲಗೈಯ ಬೆರಳುಗಳನ್ನು ಇಟ್ಟು, "ನಮ್ಮ ಹತ್ತಿರ ಆ ವೀಡಿಯೊ ಇಲ್ಲ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಸಂಶಯ ಎಳ್ಳಷ್ಟೂ ಇರಲಿಲ್ಲ.

"ಮುಗೀತಿಲ್ಲ?" ಎಂದ ಅವಳ ಅಣ್ಣ. "ಆಚಾರ್ರ ಮನಿ ಹೆಣ್ಮಗಳು ಭಂಡಾರ ಮುಟ್ಯಾಳ. ಇನ್ನೇನು ಬೇಕು ನಿನಗ, ದೇವರನ್ನ ಕೆಳಗ ಇಳಿಸಬೇಕೇನು?"

ಆಕೆ ನನ್ನ ಬೆರಳುಗಳನ್ನು ನೋಡಿದಳು. ಅವರೆಲ್ಲ ಹೋದ ಮೇಲೆ ಅಣ್ಣ ಪರದೆ ಸರಿಸಿ ಹೊರಗೆ ಬಂದ. ಮೇಜಿನ ಮೇಲೆ ಚೆಲ್ಲಿದ್ದ ಭಂಡಾರವನ್ನು ತನ್ನ ಅಂಗೈಯಿಂದ ಒರೆಸಿ, "ಸಾಕು, ಕೆಲಸ ನೋಡು," ಎಂದ.

ಬೈಲಹೊಂಗಲದಿಂದ ಮರಳುವ ಬಸ್ಸಿನಲ್ಲಿ ನನಗೆ ನೆನಪಾದದ್ದು ಅದೊಂದೇ: ಅವನು ಅಲ್ಲೇ ಇದ್ದ. ಆರು ಹೆಜ್ಜೆ ದೂರದಲ್ಲಿ, ಒಂದು ಬಟ್ಟೆಯ ಹಿಂದೆ.

ಮರುದಿನ ಡಿಸ್ಕನ್ನು ಮತ್ತೆ ಹಚ್ಚಿ, ಬಾಗಿಲು ಅರ್ಧ ಮುಚ್ಚಿ, ಕುಳಿತೆ. ಆ ಫೋಲ್ಡರು ಹುಟ್ಟಿದ ದಿನಾಂಕ ನೋಡಿದೆ. ಮುದುಕ ತೀರಿಕೊಂಡ ಮೂರನೆಯ ದಿನ. ಮಗಳು ಕೇಳಲು ಬರುವ ಮೊದಲೇ. ಅಂದಿನ ದಿನ ನನಗೆ ನೆನಪಿದೆ. ಆಲ್ಬಮ್ ತರಲು ಅಣ್ಣ ನನ್ನನ್ನು ಬೈಲಹೊಂಗಲಕ್ಕೆ ಕಳಿಸಿದ್ದ. ಆಲ್ಬಮ್ ತಯಾರಿರಲಿಲ್ಲ. ನಾಲ್ಕು ದಿನ ಬಿಟ್ಟು ಬರಬೇಕಿತ್ತು ಎಂದು ಅವರು ಹೇಳಿದ್ದರು.

ಐದನೆಯ ಕಾರ್ಡಿನ ಕೊನೆಗೆ ಆ ತುಣುಕು ಸಿಕ್ಕಿತು. ಎರಡು ನಿಮಿಷ ಹತ್ತು ಸೆಕೆಂಡು. ಮುದುಕ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದಾನೆ. ಎಡಗೈಯಲ್ಲಿ ಎಲೆ ಅಡಿಕೆ. ಮಗಳ ಸೀರೆಯ ಸೆರಗಿನ ಅಂಚು ಮಾತ್ರ ಚೌಕಟ್ಟಿನೊಳಗೆ ಬಂದಿದೆ. ಆಕೆ ಹೇಳಿದ ಮಾತನ್ನೇ ಅವನು ಹೇಳುತ್ತಾನೆ, ಇನ್ನೂ ಸ್ಪಷ್ಟವಾಗಿ, ಗಡಿಯ ಬಾಂದಿನ ಕಲ್ಲು, ಬೇವಿನ ಗಿಡದ ಗುರುತು ಹೇಳಿ. ಹೇಳಿ ಮುಗಿಸಿ ಕ್ಯಾಮೆರಾದ ಹಿಂದೆ ನೋಡಿ ಕೇಳುತ್ತಾನೆ, "ಬಂತೇನೋ ತಮ್ಮಾ ಎಲ್ಲಾ?"

ಆಗ ಅಣ್ಣನ ದನಿ. ಸತ್ತು ಹದಿನೆಂಟು ದಿನವಾದ ಮೇಲೆ ಮೊದಲ ಸಲ ಕೇಳಿದೆ. ಮೈಕಿಗೆ ಹತ್ತಿರವಿದ್ದುದರಿಂದ ಮುದುಕನದಕ್ಕಿಂತ ದೊಡ್ಡದಾಗಿ, ನಗುತ್ತ. "ಬಂತ್ರಿ ಅಜ್ಜಾರ. ನಾ ಇರೋತನಕಾ ಇದು ಎಲ್ಲೂ ಹೋಗೂದಿಲ್ಲ."

ಅಲ್ಲಿಗೆ ತುಣುಕು ನಿಲ್ಲುತ್ತದೆ.

ಅವನು ಈ ಎರಡು ನಿಮಿಷವನ್ನು ಮಾತ್ರ ಅಡಗಿಸಬಹುದಿತ್ತು. ಒಂದೂವರೆ ಜಿಬಿ. ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಅಳಿಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಡ್ ಅಂದರೆ ಪೂರ್ತಿ ಕಾರ್ಡ್ ಎನ್ನುವವನಿಗೆ ಅದು ಆಗಲಿಲ್ಲ. ತುಣುಕಿಗೆ ತೋರಿಸಿದ ನಿಷ್ಠೆಯನ್ನು ಅವನು ತಂಗಿಗೆ ತೋರಿಸಲಿಲ್ಲ. ಹೀಗೆ ಬರೆಯುವುದು ಸತ್ತವನ ಮೇಲೆ ಸಿಟ್ಟು ಎಂದು ಓದುವವರಿಗೆ ಅನಿಸಬಹುದು. ಹೌದು, ಸಿಟ್ಟೇ.

ಮಧ್ಯಾಹ್ನ ಮನೆಗೆ ಹೋಗಿ ವೈನಿಗೆ, ಅಣ್ಣನ ಹೆಂಡತಿಗೆ, ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಸಿಕ್ತೇನು?" ಎಂದರು.

ನಾನು ಗೋಡೆಗೆ ಒರಗಿ ಕುಳಿತೆ. "ನಿಮಗ ಗೊತ್ತಿತ್ತೇನು ವೈನಿ?"

"ಅವ್ವನ ಕಡೀ ತಿಂಗಳು ನೆನಪದನೋ ಇಲ್ಲೋ? ದಿನಾ ಧಾರವಾಡಕ್ಕ ಒಯ್ಯೋದು, ತರೋದು. ಯಾರ ಗಾಡಿ ಅದು? ಆ ಮನೋಳಿಯವರದು. ಒಂದು ದಿನ ತಪ್ಪಸಲಿಲ್ಲ ಆ ಮನುಷ್ಯಾ. ಮುಂದ ಅವರಪ್ಪ ಹೋದ ಮ್ಯಾಲೆ ಇಲ್ಲೇ ಬಂದು ಕೂತು ಕೈ ಮುಗದು ಕೇಳ್ಕೊಂಡಾ. ಇವರಿಗೆ ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

ವೈನಿ ಆಗ ಕೈ ನಿಲ್ಲಿಸಿದರು. "ಆಕಿಗೆ ಸುಳ್ಳ ಹೇಳಲಿಕ್ಕೆ ಬರೂದಿಲ್ಲ, ಗೊತ್ತಿಲ್ಲದಿದ್ರ ಖರೇನ ಹೇಳ್ತಾಳ, ಖರೇ ಹೇಳಿದಂಗನ ಕಾಣ್ತದ ಅಂದ್ರು."

ಅವರೇಕೆ ಅದನ್ನು ನನಗೆ ಹೇಳಿದರೋ. ಹೊಟ್ಟೆಯೊಳಗೆ ಇಟ್ಟುಕೊಂಡು ಅವರಿಗೂ ಸಾಕಾಗಿತ್ತೇನೋ. ನನ್ನ ಪ್ರಾಮಾಣಿಕತೆಯನ್ನು ಅಣ್ಣ ಒಂದು ಒಳ್ಳೆಯ ಲೆನ್ಸಿನಂತೆ ಬಳಸಿದ್ದ. ಅದು ಬೇಕಾದ ಕಡೆ, ಬೇಕಾದ ಹೊತ್ತಿಗೆ, ಪರದೆಯ ಹಿಂದೆ ನಿಂತು.

"ನೀವೀಗ ಅದನ್ನ ತಗದ ಬಿಡ್ರಿ," ಎಂದರು ವೈನಿ. "ಕಿತ್ತೂರ ಮದುವಿಗೆ ಜಾಗಾ ಬೇಕಂತೀರಿ. ಜಾಗಾನೂ ಆಗ್ತದ, ಅವರ ಹೆಸರೂ ಉಳೀತದ. ಇನ್ನೂ ಮಾಸಿಕ ಆಗಿಲ್ಲ ಅವರದು."

ಅದು ಸುಲಭವಿತ್ತು. ಅಂದು ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಎಣಿಸಿದೆ. ಮೊದಲಿನ 41, ಕಸದ ಬುಟ್ಟಿಯ 23, ತಾತ್ಕಾಲಿಕ ಪ್ರತಿಗಳ 52, ಹಳೆಯ ನಕಲುಗಳ 94. ಒಟ್ಟು 210 ಜಿಬಿ ಖಾಲಿಯಾಗಿತ್ತು. ಬೇಕಾದದ್ದು 235. ಇಪ್ಪತ್ತೈದು ಕಡಿಮೆ. ಆ ಇಪ್ಪತ್ತೈದಕ್ಕಾಗಿ ಮುನ್ನೂರ ಎಂಬತ್ತನ್ನು ಅಳಿಸಿದರೆ ಅಣ್ಣನ ಕೊನೆಯ ಕೆಲಸ ಪೂರ್ತಿಯಾಗುತ್ತದೆ, ನನ್ನ ಆಣೆ ನಿಜವಾಗುತ್ತದೆ. ನಮ್ಮ ಹತ್ತಿರ ಆ ವೀಡಿಯೊ ಇಲ್ಲ ಎಂಬ ಮಾತು ಎರಡು ವರ್ಷ ತಡವಾಗಿ ಖರೆಯಾಗುತ್ತದೆ. 'ರಿಕವರಿ'ಯ ಮೇಲೆ ಮೌಸಿನ ಬಾಣ ಇಟ್ಟು ಬಹಳ ಹೊತ್ತು ಕುಳಿತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಭಂಡಾರದ ಡಬ್ಬಿ ಕಂಪ್ಯೂಟರಿನ ಪಕ್ಕದಲ್ಲೇ ಇತ್ತು. ಆಕೆ ನನ್ನ ಬೆರಳುಗಳನ್ನು ನೋಡಿದ್ದು ನೆನಪಾಯಿತು. ಈ ಗುಂಡಿ ಒತ್ತಬೇಕಾದದ್ದೂ ಅದೇ ಬೆರಳು.

ಡಿಸ್ಕಿನಲ್ಲಿ 'ಕಲಿಕೆ' ಎಂಬ ಫೋಲ್ಡರೊಂದಿತ್ತು. ನಾನು ಹೊಸತಾಗಿ ಬಂದಾಗ ಕತ್ತರಿಸುವುದು, ಜೋಡಿಸುವುದು ಕಲಿಸಲು ಅಣ್ಣ ನಮ್ಮ ಮನೆಯ ಅಂಗಳ, ತುಳಸಿ ಕಟ್ಟೆ, ವೈನಿ ರೊಟ್ಟಿ ಬಡಿಯುವುದು, ಹೀಗೆ ಏನೇನೋ ತೆಗೆದು ಕೊಟ್ಟಿದ್ದ. ನಾನು ಮಾಡಿದ ತಪ್ಪುಗಳೂ ಅವನು ಮಾಡಿದ ತಿದ್ದುಪಡಿಗಳೂ ಅದರಲ್ಲಿದ್ದವು. 33 ಜಿಬಿ. ಅದನ್ನು ಪೂರ್ತಿ ಅಳಿಸಿದೆ. ಒಂದು ತುಣುಕನ್ನೂ ಉಳಿಸಿಕೊಳ್ಳಲಿಲ್ಲ. ನಂತರ ಕಿತ್ತೂರಿನ ನಾಲ್ಕು ಕಾರ್ಡುಗಳನ್ನು ಒಂದಾದ ಮೇಲೊಂದು ಇಳಿಸಿದೆ. ಕೊನೆಗೆ ಎಂಟು ಜಿಬಿ ಉಳಿಯಿತು. ಪಟ್ಟಿ ಕೆಂಪಾಗಿಯೇ ಇತ್ತು.

ಮೂರನೆಯ ದಿನ ತೊರಗಲ್ಲಿಗೆ ಹೋದೆ. ಐದನೆಯ ಕಾರ್ಡನ್ನು ಒಂದು ಸಣ್ಣ ಡಿಸ್ಕಿಗೆ ಹಾಕಿಕೊಂಡು, ಲ್ಯಾಪ್‌ಟಾಪು, ಭಂಡಾರದ ಡಬ್ಬಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಕೋಟೆಯ ಗುಡ್ಡದ ಕೆಳಗೆ ಆಕೆಯ ಮನೆ. ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ನನ್ನನ್ನು ಕಂಡು ಗುರುತು ಹಿಡಿದಳು, ಬಾ ಎನ್ನಲಿಲ್ಲ.

"ನಿಮ್ಮ ಅಣ್ಣಾರು ಹೋದ್ರಂತ ಕೇಳೇನಿ," ಎಂದಳು.

"ಹೌದ್ರಿ."

"ಬರಬೇಕಂದೆ. ಕಾಲ ಏಳಲಿಲ್ಲ."

"ನಿಮ್ಮ ವೀಡಿಯೊ ಅದ," ಎಂದೆ. ದಾರಿಯಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಮರೆತುಹೋಗಿತ್ತು. "ಇತ್ತು. ನಮ್ಮ ಹತ್ತಿರನ ಇತ್ತು. ನನಗ ಗೊತ್ತಿರಲಿಲ್ಲ. ಅಣ್ಣ ಅಡಗಿಸಿ ಇಟ್ಟಿದ್ದಾ."

ಆಕೆ ಕೈಯಲ್ಲಿದ್ದ ಕಣಿಕೆಯನ್ನು ಪೂರ್ತಿ ಹಾಕಿ ಮುಗಿಸಿ, ಕೈ ತೊಳೆದುಕೊಂಡು, ಕಟ್ಟೆಯ ಮೇಲೆ ಚಾಪೆ ಹಾಸಿದಳು. ನಾನು ಲ್ಯಾಪ್‌ಟಾಪು ತೆರೆದೆ. ತುಣುಕು ಶುರುವಾಯಿತು. ಆಕೆ ಅಳಲಿಲ್ಲ. ತಂದೆ ಮಾತಾಡುತ್ತಿರುವಾಗ ನಡುವೆ ಒಮ್ಮೆ ಮಾತ್ರ, ಪಕ್ಕದಲ್ಲಿ ಯಾರಿಗೋ ತೋರಿಸುವಂತೆ ಹೇಳಿದಳು.

"ಅಪ್ಪನ ಕೈಯಾಗ ಎಲಿ ಅಡಿಕಿ ಐತಿ ನೋಡ್ರಿ. ನಾನಽ ಕೊಟ್ಟಿದ್ದೆ. ಎಡಗೈಯಾಗ ಹಿಡಕೊಂಡಿದ್ದಾ ಅಂತ ಹಿರ್ಯಾರ ಮುಂದ ಹೇಳಿದೆ. ಇಷ್ಟು ಕುಸುರಿ ಮಾಡಿ ಸುಳ್ಳ ಹೇಳತಾಳ ಅಂತ ನಕ್ರು."

ಅಣ್ಣನ ದನಿ ಬಂತು, ನಿಂತಿತು.

"ಎರಡು ಪಂಚಮಿ ಹೋದುವು," ಎಂದಳು. "ತವರಿಗೆ ಕರಿಯಾಕ ಯಾರೂ ಬರಲಿಲ್ಲ. ಹೊಲಾ ಹಾಳಾಗಿ ಹೋಗ್ಲಿ. ಸುಳ್ಳಿ ಅನ್ನಿಸಿಕೊಂಡು ತವರುಮನಿ ಬಾಗಿಲಾ ಹೆಂಗ ತುಳೀಬೇಕ್ರಿ ನಾ? ನಿಮ್ಮ ಭಂಡಾರದ ಮಾತಽ ಹೇಳತಿದ್ರು ಎಲ್ಲಾರೂ. ನನಗೂ ಒಮ್ಮೊಮ್ಮೆ ಅನಸ್ತಿತ್ತು, ಅಪ್ಪ ಖರೇನ ಹೇಳಿದ್ನೋ, ನನಗಽ ಕನಸು ಬಿದ್ದಿತ್ತೋ ಅಂತ."

ನಾನು ಡಬ್ಬಿಯನ್ನು ಹೊರಗೆ ತೆಗೆದೆ. "ಮನೋಳಿಗೆ ಬರ್ತೀನಿ. ಅವತ್ತ ಯಾರ್ಯಾರು ಇದ್ರೋ ಅವರ ಮುಂದ ಮುಟ್ಟಿ ಹೇಳ್ತೀನಿ."

ಆಕೆ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಚಹಾ ತಂದಳು. ನಾನು ಕುಡಿಯುತ್ತಿರುವಾಗ ಮೆಲ್ಲಗೆ ಹೇಳಿದಳು.

"ಒಂದು ಮಾತು. ಕಡೀಕ ನಿಮ್ಮ ಅಣ್ಣಾರ ದನಿ ಐತೆಲ್ಲ, ಅದನ್ನ ತಗದು ಕೊಡ್ರಿ. ನೀವು ಕತ್ತರಸವರಽ ಅದೀರಲ್ಲ. ಅಪ್ಪ ಹೇಳಿದ್ದಿಷ್ಟಽ ಇದ್ರ ಸಾಕು ನನಗ. ಸತ್ತವರ ಹೆಸರು ಮಂದಿ ಬಾಯಾಗ ಯಾಕ ಬೀಳಬೇಕು? ಕಂಪ್ಯೂಟರ್ ಕೆಟ್ಟಿತ್ತು, ಈಗ ರಿಪೇರಿ ಆತು ಅನ್ನೂನು."

ಎರಡು ವರ್ಷ ಸುಳ್ಳಿ ಅನ್ನಿಸಿಕೊಂಡವಳು ನನಗಾಗಿ ಒಂದು ಸುಳ್ಳನ್ನು ಕೊಡಲು ಬಂದಿದ್ದಳು. ಅದನ್ನು ತೆಗೆದುಕೊಳ್ಳಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಚಹಾದ ಲೋಟ ಕೆಳಗಿಡಬೇಕಾಯಿತು. ಹನ್ನೊಂದು ಸೆಕೆಂಡು ಅದು. ಕತ್ತರಿಸಿದ ಗುರುತೇ ಕಾಣದ ಹಾಗೆ ಕತ್ತರಿಸುವುದನ್ನು ಅಣ್ಣನೇ ನನಗೆ ಕಲಿಸಿದ್ದ.

"ನಮ್ಮಲ್ಲಿ ನಡುವಿನಿಂದ ತಗಿಯೂದಿಲ್ಲರಿ," ಎಂದೆ.

ಸೋಮವಾರ ಮನೋಳಿಗೆ ಹೋದೆವು. ಅದೇ ಇಬ್ಬರು ಹಿರಿಯರು, ಅದೇ ಎರಡನೆಯ ಅಣ್ಣ, ಹೊಸ ಮನೆಯ ಪಡಸಾಲೆ. ನಾನು ಭಂಡಾರದಲ್ಲಿ ಬೆರಳಿಟ್ಟು, ಅಂದು ನಾನು ಹೇಳಿದ್ದು ಸುಳ್ಳು, ನನಗೆ ಗೊತ್ತಿಲ್ಲದೆ ಹೇಳಿದ್ದು, ಆದರೂ ಸುಳ್ಳು ಎಂದೆ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಇಟ್ಟೆ. ಹಿರಿಯ ಮಗ ಕಂಬಕ್ಕೆ ಒರಗಿ ನಿಂತಿದ್ದ. ನಮ್ಮ ಅವ್ವನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ. ನನಗೆ ಅವನನ್ನು ದ್ವೇಷಿಸಲೂ ಆಗಲಿಲ್ಲ.

ಮುದುಕ ಬಾಂದಿನ ಕಲ್ಲು ಹೇಳಿದ, ಬೇವಿನ ಗಿಡ ಹೇಳಿದ, ಮಗಳ ಹೆಸರು ಹೇಳಿದ. ಹಿರಿಯರಲ್ಲೊಬ್ಬರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಮಗಳು ಬಾಗಿಲ ಹೊರಗೆ ನಿಂತಿದ್ದಳು, ಇನ್ನೂ ಹೊಸ್ತಿಲು ದಾಟಿರಲಿಲ್ಲ. ಅವಳ ಎರಡನೆಯ ಅಣ್ಣ ಎದ್ದು ಹೋಗಿ, ಅವಳ ಮುಖ ನೋಡದೆ, "ಒಳಗ ಬಾ. ಬಿಸಿಲಾಗ ಯಾಕ ನಿಂತಿ?" ಎಂದ.

ಹಿರಿಯ ಮಗ ಕಂಬ ಬಿಟ್ಟು ಮುಂದೆ ಬಂದ. ಮುಂದೇನಿದೆ ಎಂದು ಅವನಿಗೆ ಗೊತ್ತಿತ್ತೋ, ಅಥವಾ ನನ್ನ ಮುಖದಲ್ಲಿ ಕಂಡಿತೋ.

"ಸಾಕ್ರಿ. ಕೇಳೇವಿ ಎಲ್ಲಾ," ಎಂದು ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈ ಇಟ್ಟ. ಮತ್ತೆ ದನಿ ಇಳಿಸಿ, ನನಗೊಬ್ಬಳಿಗೇ ಕೇಳುವಂತೆ, "ಅವನ ಹೆಸರಿಗಾದ್ರೂ ಬಂದ್ ಮಾಡ್ರಿ, ತಂಗಿ," ಎಂದ.

ನಾನು ಅವನ ಕೈಯನ್ನು ಸರಿಸಿದೆ.

"ಇನ್ನೂ ಹನ್ನೊಂದು ಸೆಕೆಂಡ್ ಅದ," ಎಂದೆ.